ಮೂರನೇ ಅಧ್ಯಾಯದವರೆಗಿನ ಕೊಳೆ

ತೆಳ್ಳಗಿನದನ್ನು ಕೊಟ್ಟರೆ ಅಕ್ಕ, ನನ್ನನ್ನೇನು ಮಗು ಅಂದುಕೊಂಡೆಯಾ ಅಂದಾಳೋ? ದಪ್ಪನೆಯದನ್ನು ಕೊಟ್ಟರೆ ಹೆದರಿಯಾಳೋ? ಹಳೆಯ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವನು ಕಂಪ್ಯೂಟರ್ ಕಲಿಸುವ ಎರಡು ಪುಸ್ತಕಗಳನ್ನೂ ಕೈಯಲ್ಲಿ ತೂಗಿದ. ಕೊನೆಗೆ ದಪ್ಪನೆಯದನ್ನೇ ಎತ್ತಿಕೊಂಡ. ಕಂಪ್ಯೂಟರ್ ವಿಜ್ಞಾನದ ಪದವೀಧರ ತಮ್ಮ ಕೊಡುವ ಪುಸ್ತಕಕ್ಕೆ ಒಂದು ತೂಕ ಬೇಡವೇ?

ಅಕ್ಕ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಅಲ್ಲಿಗೆ ಕಂಪ್ಯೂಟರಿನಿಂದ ನಡೆಯುವ ಕತ್ತರಿ ಯಂತ್ರ ಬರುವುದಿತ್ತು. ಪರೀಕ್ಷೆ ಪಾಸಾದವರಿಗೆ ಅದರ ಮೇಲೆ ಕೆಲಸ. ಉಳಿದವರಿಗೆ ಗುಂಡಿ ಹಚ್ಚುವ ವಿಭಾಗ.

ಎರಡು ವಾರದ ನಂತರ, ಪರೀಕ್ಷೆಗೆ ಇನ್ನೆರಡೇ ದಿನವಿದ್ದಾಗ, ಅಕ್ಕ ಪುಸ್ತಕವನ್ನು ಅವನ ಮೇಜಿನ ಮೇಲೆ ಧೊಪ್ಪನೆ ಹಾಕಿದಳು.

"ತಗೋಪ್ಪಾ ನಿನ್ನ ಇಟ್ಟಿಗೆ. ಮೊದಲನೇ ಪುಟದಲ್ಲೇ 'ಓದುಗರಿಗೆ ಈಗಾಗಲೇ ತಿಳಿದಿರುವಂತೆ' ಅಂತಾನೆ. ತಿಳಿದಿದ್ರೆ ಇವನ ಬಾಗಿಲಿಗೆ ಯಾಕೆ ಹೋಗ್ತಿದ್ದೆ?"

"ನಿಧಾನಕ್ಕೆ ಓದ್ಬೇಕಕ್ಕ. ಗಮನ ಇಟ್ರೆ ಅರ್ಥ ಆಗುತ್ತೆ."

"ನಿಂಗೆ ಆಯ್ತಲ್ಲ, ಬಿಡು. ದೇವರು ತಲೆ ಹಂಚುವಾಗ ನಾನು ಕತ್ತರಿ ಸಾಣೆ ಹಿಡಿಸೋಕೆ ಹೋಗಿದ್ದೆ."

ಅವಳ ಹೆಬ್ಬೆರಳು ಅಭ್ಯಾಸಬಲದಿಂದ ಪುಸ್ತಕದ ಅಂಚಿನ ಮೇಲೆ ಹರಿಯಿತು. ಬಟ್ಟೆಯ ಸವೆತವನ್ನು ಅವಳು ಹಾಗೆಯೇ ನೋಡುವುದು.

"ಇದೇನೋ, ಮೂರನೇ ಅಧ್ಯಾಯದವರೆಗೆ ಮಾತ್ರ ಕೊಳೆ? ಮಿಕ್ಕಿದ್ದೆಲ್ಲ ಒಂದ್ಸಲಾನೂ ಉಡದ ಬಟ್ಟೆ ಹಾಗೆ ಗರಿಗರಿ."

ಅವನ ಕಿವಿ ಬಿಸಿಯಾಯಿತು. "ಆಮೇಲಿನದನ್ನ ಕಾಲೇಜು ಲೈಬ್ರರಿಯ ಪ್ರತೀಲಿ ಓದಿದ್ದೆ."

"ಹೌದಾ?" ಎಂದಳು ಅಕ್ಕ. ನಂಬಿದಳು. ಬೈದಿದ್ದರೆ ವಾಸಿಯಿತ್ತು.

"ಇನ್ನೊಂದಿದೆ, ತೆಳ್ಳಗಿನದು. ಚಿತ್ರ ಎಲ್ಲ ಇದೆ. ತರಲಾ?"

"ನಿನ್ನೆನೇ ಗುಂಡಿ ವಿಭಾಗಕ್ಕೆ ಹೆಸರು ಕೊಟ್ಟೆ ಕಣೋ. ಎಲ್ಲರ ಎದುರು ಫೇಲಾಗೋದಕ್ಕಿಂತ ಅದೇ ವಾಸಿ. ನನ್ನ ತಲೆಗೆ ಇದು ಹತ್ತಲ್ಲ."

ಹದಿನೆಂಟು ವರ್ಷ ಕತ್ತರಿ ಹಿಡಿದ ಕೈಯಿಂದ ಅವನ ತಲೆ ಸವರಿ ಅವಳು ಒಳಗೆ ಹೋದಳು. ಅವನಿಗೆ ಪುಸ್ತಕವನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಅಪ್ಪಳಿಸಲಿಲ್ಲ, ಪೆಟ್ಟಿಗೆಯಲ್ಲಿ ತೆಳ್ಳಗಿನದರ ಮೇಲಿಟ್ಟು ಮುಚ್ಚಿದ. ತೆಳ್ಳಗಿನದರ ಅಂಚು ಮೊದಲ ಪುಟದಿಂದ ಕೊನೆಯವರೆಗೂ ಕಪ್ಪಗಾಗಿತ್ತು.

ದಪ್ಪ ಪುಸ್ತಕದ ಮೂರನೇ ಅಧ್ಯಾಯ ದಾಟಲಾಗದೆ ಮೊದಲ ವರ್ಷ ಫೇಲಾದವನು ಅವನು. ಕಲಿತದ್ದು ಆ ತೆಳ್ಳಗಿನದರಿಂದ. ಅದನ್ನು ಅವನು ಅಕ್ಕನಿಗೆ ಯಾವತ್ತೂ ಹೇಳಲಿಲ್ಲ.