ನೀಲಿ ಅಂಚಿನ ತಟ್ಟೆ

ಮೇಜಿನ ಕೆಳಗಿನ ಡ್ರಾಯರ್ ಎಳೆದ ಕೂಡಲೇ ಆ ವಾಸನೆ ಮಾರ್ಲೀನಳ ಮುಖಕ್ಕೆ ಬಡಿಯಿತು. ಸ್ಪಿರಿಟ್ಟು ಬೆರೆತ ನೇರಳೆ ಶಾಯಿಯ ವಾಸನೆ, ಹಳೆಯ ಪ್ರತಿ ತೆಗೆಯುವ ಯಂತ್ರದ್ದು. ಚಿಕ್ಕವಳಿದ್ದಾಗ ಜ್ವರ ಬಂದರೆ ಅಮ್ಮ ಕಚೇರಿಯಿಂದ ಬಂದವಳೇ ಹಣೆ ಮುಟ್ಟಿ ನೋಡುತ್ತಿದ್ದಳು. ಆ ಕೈಗೆ ಇದೇ ವಾಸನೆ. ಎಲ್ಲರ ಅಮ್ಮಂದಿರ ಕೈಯೂ ಹೀಗೇ ಇರುತ್ತದೆಂದು ಮಾರ್ಲೀನ್ ಬಹಳ ವರ್ಷ ತಿಳಿದಿದ್ದಳು. ಈಗ ಅವಳಿಗೇ ಐವತ್ತೆಂಟು. ಅಮ್ಮ ತೀರಿಕೊಂಡು ನಾಲ್ಕು ದಿನ. ಮಣ್ಣು ಇವತ್ತು, ಹನ್ನೊಂದು ಗಂಟೆಗೆ.

ಡ್ರಾಯರಿನ ತುಂಬ ಎಲರ್ಬಿ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯದ ಚರಿತ್ರೆಯ ಕಿರುಪುಸ್ತಕಗಳಿದ್ದವು. ನೆಲ್ಡಾ ಪಿಟಾರ್ಡ್ ನಲವತ್ತೊಂದು ವರ್ಷ ಅಲ್ಲಿಯ ಪ್ರವೇಶ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ವರ್ಷವರ್ಷವೂ ಆ ಚರಿತ್ರೆಯನ್ನು ಟೈಪು ಮಾಡಿದವಳು ಅವಳೇ. ಇಬ್ಬರು ಪಾದ್ರಿಗಳೂ ಒಬ್ಬ ಹತ್ತಿ ಬೆಳೆಗಾರನೂ ಸೇರಿ ಕಟ್ಟಿದ ಮರದ ಮನೆ. ಅಮೆರಿಕದ ಅಂತರ್ಯುದ್ಧದಲ್ಲಿ ಆಸ್ಪತ್ರೆಯಾದ ತರಗತಿಗಳು. ಬೆಂಕಿ ಬಿದ್ದು ಮತ್ತೆ ಎದ್ದ ಗಂಟೆಗೋಪುರ. ಸುತ್ತಲಿನ ಜಿಲ್ಲೆಗಳಿಗೆಲ್ಲ ಮೇಷ್ಟರುಗಳನ್ನೂ ಪಾದ್ರಿಗಳನ್ನೂ ಕೊಟ್ಟ ಕೀರ್ತಿ. ವಿದ್ಯಾರ್ಥಿಗಳ ಕುಣಿತಕ್ಕಿದ್ದ ನಿಷೇಧ ತೆಗೆದದ್ದು ಮಾರ್ಲೀನಳಿಗೆ ಮದುವೆಯಾಗಿ ಎಷ್ಟೋ ಕಾಲದ ಮೇಲೆ. ಇವೆಲ್ಲದರ ನಡುವೆ ಒಂದು ಸಾಲು, ಯಾವ ವರ್ಷವೂ ಬದಲಾಗದ್ದು: '1964ರಲ್ಲಿ ವಿಶ್ವವಿದ್ಯಾಲಯವು ತನ್ನ ಬಾಗಿಲನ್ನು ಎಲ್ಲ ಬಣ್ಣದವರಿಗೂ ಸ್ವಂತ ಇಚ್ಛೆಯಿಂದ ತೆರೆಯಿತು.'

ಅವಳು ಹುಡುಕುತ್ತಿದ್ದುದು ನುಣುಪು ಹಾಳೆಯ ಪುಸ್ತಕವನ್ನು, ನೂರೈವತ್ತನೇ ವರ್ಷದ್ದು. ಸಿಕ್ಕಿತು. ಒಳಗೆ ಅಮ್ಮನ ಫೋಟೋ: ಕಚೇರಿಯ ಮೆಟ್ಟಿಲ ಮೇಲೆ, ತೊಡೆಯ ಮೇಲೆ ಸ್ಯಾಂಡ್‌ವಿಚ್ ಬುಟ್ಟಿ. ಪ್ರತಿ ವರ್ಷ ತರಗತಿ ಶುರುವಾಗುವ ದಿನ ನೆಲ್ಡಾ ಅಲ್ಲಿ ಕೂತು, ಕಾಯುತ್ತಿದ್ದ ಹೊಸ ಮಕ್ಕಳಿಗೆ ಮೇಣದ ಹಾಳೆಯಲ್ಲಿ ಸುತ್ತಿದ ಊಟ ಕೊಡುತ್ತಿದ್ದಳು. ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಈಗ ವಿಶ್ವವಿದ್ಯಾಲಯವೇ ಅದನ್ನು ನಡೆಸುತ್ತದೆ, 'ನೆಲ್ಡಾ ಊಟ' ಎಂದು ಬ್ಯಾನರ್ ಕಟ್ಟಿ. ಫೋಟೋದ ಕೆಳಗೆ ಅದು ಶುರುವಾದ ಕತೆ ಇತ್ತು: 1961ರಲ್ಲಿ, ಕಪ್ಪು ಜನರಿಗೆ ಇನ್ನೂ ಬಾಗಿಲು ತೆರೆಯದ ಕಾಲದಲ್ಲೇ, ಮೆಟ್ಟಿಲ ಮೇಲೆ ಹಸಿದು ಕೂತಿದ್ದ ಕಪ್ಪು ಹುಡುಗಿಗೆ ನೆಲ್ಡಾ ತನ್ನ ಊಟವನ್ನೇ ಕೊಟ್ಟಳಂತೆ.

ಪಕ್ಕದಲ್ಲಿ ಅಮ್ಮನ ಪೆನ್ಸಿಲ್ ಬರಹ: 'ನಾನು ಕೊಡಲಿಲ್ಲ.'

"ಮಾರ್ಲೀನ್! ಬಾಗ್ಲು ತೆಗಿಯೇ, ಕೈ ಸುಡ್ತಾ ಇದೆ!"

ಮಿಸ್ ಇಮೋಜೀನ್ ಬಿಸಿ ಪಾತ್ರೆ ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದಳು. ಎಂಬತ್ತನಾಲ್ಕು ವರ್ಷ, ಅಮ್ಮನ ಪಕ್ಕದ ಮೇಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು.

"ಇದು ನಿನ್ ತಿಂಡಿಗೆ. ಚರ್ಚಿಗೆ ಬೇರೆ ಮಾಡಿದೀನಿ. ಅಲ್ಲಿ ಆಗ್ಲೇ ಏಳು ಮ್ಯಾಕರೋನಿ ಬಂದಿದೆ, ಒಂದೇ ಒಂದು ಪಲ್ಯ ಇಲ್ಲ. ಸಾವು ಅಂದ್ರೆ ನಮ್ಮ ಹೆಂಗಸರಿಗೆ ಚೀಸ್ ಬಿಟ್ಟು ಬೇರೇನೂ ನೆನಪಾಗಲ್ಲ ನೋಡು. ಫ್ಲೋಯ್ ಅವಳ ಕೆಂಪು ಜೆಲ್ಲಿ ತಂದಿದಾಳೆ. ಯಾರೂ ಮುಟ್ಟಲ್ಲ. ಆದ್ರೂ ಎಲ್ಲಕ್ಕಿಂತ ಮುಂದೆ ಇಟ್ಟು ಬಂದೆ. ಪಾಪ, ಬೆಳಗಿನಿಂದ ಅಳ್ತಾ ಇದಾಳೆ." ಅವಳು ಗೋಡೆಯ ಕಪಾಟಿನಿಂದ ನೀಲಿ ಅಂಚಿನ ತಟ್ಟೆ ಇಳಿಸಿಕೊಂಡಳು. "ಇದು ಬೇಕು, ಬ್ರೆಡ್ ಇಡೋಕೆ."

ತಟ್ಟೆಯ ತಳದಲ್ಲಿ ಅಂಟುಪಟ್ಟಿ, ಅದರ ಮೇಲೆ ನೇರಳೆ ಶಾಯಿಯಲ್ಲಿ 'ನೆಲ್ಡಾ ಪಿಟಾರ್ಡ್'. ಆ ಊರಿನ ಚರ್ಚುಗಳಲ್ಲಿ ಹೆಸರಿಲ್ಲದ ಪಾತ್ರೆಯೇ ಇಲ್ಲ. ಹೆರಿಗೆ, ಕಾಯಿಲೆ, ಸಾವು ಅಂತ ಪಾತ್ರೆಗಳು ಮನೆಯಿಂದ ಮನೆಗೆ ಹೋಗುತ್ತವೆ. ಹೋದದ್ದು ತಿರುಗಿ ಬರಬೇಕು, ಬರುವಾಗ ಬರಿದಾಗಿ ಬರಬಾರದು.

"ಪೇಪರ್ ನೋಡಿದ್ಯಾ? ನಿಮ್ಮಮ್ಮನ ಬಗ್ಗೆ ಅರ್ಧ ಪುಟ ಬರೆದಿದಾರೆ."

"ಆ ಮೆಟ್ಟಿಲ ಕತೇನೂ ಬರೆದಿದಾರೆ," ಎಂದಳು ಮಾರ್ಲೀನ್. "ಕುಲಪತಿಗಳು, ಡಾಕ್ಟರ್ ಟ್ರ್ಯಾಮೆಲ್, ಇವತ್ತು ಚರ್ಚಲ್ಲೂ ಅದನ್ನೇ ಹೇಳ್ತಾರೆ. ಅಮ್ಮ ಕೊಡ್ಲಿಲ್ಲ, ಮಿಸ್ ಇಮೋಜೀನ್."

ಇಮೋಜೀನ್ ತಟ್ಟೆಯನ್ನು ಒರೆಸುತ್ತಲೇ ಇದ್ದಳು.

"ಗೊತ್ತು. ನಾನಿದ್ನಲ್ಲ ಅಲ್ಲಿ."

"ಎದ್ದು ಹೇಳ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ."

"ಇವತ್ತು ಬೇಡ ಕಣೆ. ಮುಂದಿನ ವಾರ ಕಾಗದ ಬರಿ. ಇವತ್ತೊಂದಿನ ಅವಳು ಒಳ್ಳೆಯವಳಾಗೇ ಮಲಗಿರ್ಲಿ."

ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಜೀವನ ಕಳೆದವಳು ಮಾರ್ಲೀನ್. ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಿದ್ದೇ ಇಲ್ಲ. ಊರಿಗೆಲ್ಲ ಬೇಕಾದವಳ ಮಗಳು ಎಂಬುದೊಂದೇ ಅವಳಿಗಿದ್ದ ಹೆಸರು.

*

1961ರ ಆ ಸೆಪ್ಟೆಂಬರಿನಲ್ಲಿ ನೆಲ್ಡಾಳಿಗೆ ಇಪ್ಪತ್ತೊಂದು ವರ್ಷ, ಕೆಲಸಕ್ಕೆ ಸೇರಿ ಎಂಟು ತಿಂಗಳು.

ಎಲರ್ಬಿಗೆ ಸೇರಲು ಅಂಕಪಟ್ಟಿ ಬೇಕು, ದೀಕ್ಷಾಸ್ನಾನದ ತಾರೀಕು ಬೇಕು, ಯಾರಾದರೊಬ್ಬ ಬ್ಯಾಪ್ಟಿಸ್ಟ್ ಪಾದ್ರಿಯ ಪತ್ರ ಬೇಕು. ಬಣ್ಣ ಕೇಳುವ ಸಾಲು ಅರ್ಜಿಯಲ್ಲಿ ಇರಲಿಲ್ಲ. ಕೇಳಬೇಕಾದೀತೆಂದು ಯಾರಿಗೂ ತೋಚಿರಲಿಲ್ಲ. ವರ್ನೆಲ್ ಗ್ಯಾಸ್ಕಿನ್ ಎಂಬ ಹುಡುಗಿಯ ಅಂಕಗಳು ಆ ವರ್ಷ ಬಂದ ಅರ್ಜಿಗಳಲ್ಲೆಲ್ಲ ಹೆಚ್ಚು. ಅವಳ ಪಾದ್ರಿಯ ಪತ್ರವನ್ನು ಸಮಿತಿಯವರು ಇಂಗ್ಲಿಷ್ ಎಷ್ಟು ಚೆಂದವೆಂದು ಗಟ್ಟಿಯಾಗಿ ಓದಿದ್ದರು. ಸೀಟು ಕೊಟ್ಟ ಪತ್ರವನ್ನು ಟೈಪು ಮಾಡಿದವಳು ನೆಲ್ಡಾ. ಕೊನೆಗೆ 'ನಿಮ್ಮ ಬರವಿಗಾಗಿ ಕಾಯುತ್ತಿದ್ದೇವೆ' ಎಂಬ ಸಾಲನ್ನು ಅವಳೇ ಸೇರಿಸಿದ್ದಳು.

ತರಗತಿ ಶುರುವಾಗುವ ದಿನ ಅಪ್ಪ ವರ್ನೆಲಳನ್ನು ಟ್ರಂಕಿನ ಸಮೇತ ಇಳಿಸಿ, ಒಂದು ಗಂಟೆಗೆ ಬಂದು ನೋಡುತ್ತೇನೆಂದು ಕೆಲಸಕ್ಕೆ ಹೋದ. ಹುಡುಗಿ ಆ ಪತ್ರವನ್ನು ಕೌಂಟರಿನ ಮೇಲಿಟ್ಟಳು. ಬಿಳಿಯ ಕೈಚೀಲ, ಬಿಳಿಯ ಬೂಟು, ಬಹಳ ಕಪ್ಪು ಕೈ.

ಮೇಲಧಿಕಾರಿ ತನ್ನ ಕೋಣೆಯ ಬಾಗಿಲನ್ನು ಅರ್ಧ ತೆರೆದು ನೆಲ್ಡಾಳನ್ನು ಕರೆದ.

"ಹಾಸ್ಟೆಲ್ ತುಂಬಿದೆ ಅಂತ ಹೇಳಿ ಕಳಿಸು."

"ತುಂಬಿಲ್ಲ ಸರ್."

"ತುಂಬಿದೆ, ನೆಲ್ಡಾ."

ಅವಳು ಹೋಗಿ ಹೇಳಿದಳು. ಹುಡುಗಿ ಅವಳನ್ನೇ ಒಂದು ಕ್ಷಣ ನೋಡಿ, "ಥ್ಯಾಂಕ್ಯೂ ಮ್ಯಾಮ್," ಎಂದು ಪತ್ರವನ್ನು ಮಡಿಸಿಕೊಂಡು, ಟ್ರಂಕನ್ನು ಎಳೆದುಕೊಂಡು ಹೊರಗೆ ಹೋದಳು. ಆಗ ಒಂಬತ್ತೂವರೆ. ಒಂದು ಗಂಟೆಯವರೆಗೂ ಬಿಸಿಲಲ್ಲಿ ಮೆಟ್ಟಿಲ ಮೇಲೆ ಬೆನ್ನು ನೆಟ್ಟಗಿಟ್ಟು ಕೂತಿದ್ದಳು.

ಹನ್ನೆರಡಕ್ಕೆ ನೆಲ್ಡಾ ತನ್ನ ಊಟದ ಪೊಟ್ಟಣ ತೆಗೆದುಕೊಂಡು ಎದ್ದಳು. ಇಮೋಜೀನ್ ಟೈಪು ಮಾಡುವುದನ್ನು ನಿಲ್ಲಿಸಿದಳು. ನೆಲ್ಡಾ ಬಾಗಿಲವರೆಗೂ ಹೋದಳು, ಹಿತ್ತಾಳೆಯ ಹಿಡಿಯ ಮೇಲೆ ಕೈಯನ್ನೂ ಇಟ್ಟಳು. ಹಿಂದೆ ಮೇಲಧಿಕಾರಿಯ ಕುರ್ಚಿ ಕಿರುಗುಟ್ಟಿತು. ಅಷ್ಟೇ. ನೆಲ್ಡಾ ತಿರುಗಿ ಬಂದು ಕೂತಳು. ಪೊಟ್ಟಣ ಸಂಜೆಯವರೆಗೂ ಮೇಜಿನ ಮೇಲೆ ಹಾಗೇ ಇತ್ತು.

ಮುಂದಿನ ವರ್ಷ ಅವಳು ಎರಡು ಊಟ ಕಟ್ಟಿ ತಂದು ಮೆಟ್ಟಿಲ ಮೇಲೆ ಕೂತಳು. ಅದರ ಮುಂದಿನ ವರ್ಷ ಆರು.

ಎಷ್ಟೋ ಕಾಲದ ಮೇಲೆ ಪ್ರಚಾರ ವಿಭಾಗದವನೊಬ್ಬ ಯಾಕೆ ಹೀಗೆ ಎಂದು ಕೇಳಿದಾಗ, "ಒಂದ್ಸಲ ಒಬ್ಬ ಹುಡುಗಿ ಇಲ್ಲಿ ಹಸ್ಕೊಂಡು ಕೂತಿದ್ಲು," ಎಂದಷ್ಟೇ ಹೇಳಿದಳು. ಉಳಿದುದನ್ನು ಅವನೇ ಕಟ್ಟಿ ಬರೆದ. ತಿದ್ದಲು ಅವಳಿಗೆ ಆಮೇಲೆ ಹದಿನೇಳು ವರ್ಷ ಸಮಯವಿತ್ತು, ತಿದ್ದಲಿಲ್ಲ.

"ಸಿಹಿಯಾಗಿತ್ತು ಮಾರ್ಲೀನ್," ಎಂದಿದ್ದಳು ಅಮ್ಮ ಕಳೆದ ತಿಂಗಳು, ದಿಂಬಿಗೊರಗಿ. "ಜನ ಹೊಗಳಿದ್ರು, ಸುಮ್ನಿದ್ದುಬಿಟ್ಟೆ. ಈಗ ನನ್ನ ಪೆಟ್ಟಿಗೆ ಮುಂದೆ ನಿಂತು ಅದನ್ನೇ ಹೇಳ್ತಾರೆ. ಎದ್ದು ಕೂತು ಅಲ್ಲ ಅನ್ನೋಕೆ ಆಗ ನನ್ ಕೈಲಾಗಲ್ಲ. ನೀನು ಹೇಳ್ಬೇಕು."

*

ಚರ್ಚು ತುಂಬಿತ್ತು. ಕುಲಪತಿ ಡಾಕ್ಟರ್ ಟ್ರ್ಯಾಮೆಲ್ ಮಾರ್ಲೀನಳ ಎರಡೂ ಕೈ ಹಿಡಿದುಕೊಂಡರು. ಒಳ್ಳೆಯ ಮನುಷ್ಯ, ಅಮ್ಮ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಬಂದು ಕಾಲ ಬಳಿ ಕೂತು ಹೋಗಿದ್ದರು.

"ಅವರ ಹೆಸರಲ್ಲಿ ಒಂದು ವಿದ್ಯಾರ್ಥಿವೇತನ ಇಡ್ತಾ ಇದೀವಿ. ಇವತ್ತೇ ಹೇಳ್ತೀನಿ."

"ಡಾಕ್ಟರ್, ಆ ಮೆಟ್ಟಿಲ ಕತೆ ಮಾತ್ರ ಹೇಳ್ಬೇಡಿ. ಅದು ಹಾಗೆ ನಡೀಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ. "ಎಲರ್ಬಿ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದೇ ಆ ಕತೇನ, ಮಾರ್ಲೀನ್."

ಆರ್ಗನ್ ಶುರುವಾಯಿತು. ಅವರು ಅವಳ ಭುಜ ತಟ್ಟಿದರು. "ದುಃಖದಲ್ಲಿದೀರಿ. ಆಮೇಲೆ ಕೂತು ಮಾತಾಡೋಣ."

ಅವರು ಹೇಳಿದರು, ಚೆನ್ನಾಗಿಯೇ ಹೇಳಿದರು. ಬಿಸಿಲು, ಮೆಟ್ಟಿಲು, ಬಿಳಿಯ ಮೇಣದ ಹಾಳೆ. ಜನ ಕಣ್ಣೊರೆಸಿಕೊಂಡರು. ಪಾದ್ರಿ ಬ್ರದರ್ ಕೋಯ್ ಪ್ರಾರ್ಥನೆಗೆ ಏಳುವ ಮೊದಲೇ ಮಾರ್ಲೀನ್ ಎದ್ದು ನಿಂತಳು. ಮುಂದೆ ಹೋಗಲಿಲ್ಲ. ನಿಂತಲ್ಲೇ ತನ್ನ ಬೆಂಚಿನ ಅಂಚನ್ನು ಹಿಡಿದುಕೊಂಡಳು.

"ಅಮ್ಮ ಆ ಊಟ ಕೊಡ್ಲಿಲ್ಲ," ಎಂದಳು. ದನಿ ತೀರ ಸಣ್ಣದಾಗಿತ್ತು, ಮತ್ತೆ ಹೇಳಿದಳು. "ಅಮ್ಮ ಕೊಡ್ಲಿಲ್ಲ. ಬಾಗ್ಲ ತನಕ ಹೋಗಿ ವಾಪಸ್ ಬಂದ್ಲು. ಹಾಸ್ಟೆಲ್ ತುಂಬಿದೆ ಅಂತ ಆ ಹುಡುಗಿಗೆ ಸುಳ್ಳು ಹೇಳಿದ್ದೂ ಅಮ್ಮಾನೇ. ಹುಡುಗಿಗೆ ಸೀಟು ಕೊಟ್ಟಿದ್ರು, ಬಣ್ಣ ನೋಡಿ ಕಿತ್ಕೊಂಡ್ರು. ಅಮ್ಮ ಅದಾದ್ಮೇಲೆ ಅರವತ್ತು ವರ್ಷ ಊಟ ಕಟ್ಟಿದ್ದು ಅದಕ್ಕೇನೇ. ನೂರೈವತ್ತನೇ ವರ್ಷದ ಪುಸ್ತಕದಲ್ಲಿ 'ನಾನು ಕೊಡಲಿಲ್ಲ' ಅಂತ ಪೆನ್ಸಿಲಲ್ಲಿ ಬರೆದಿಟ್ಟಿದಾಳೆ. ಇಷ್ಟನ್ನ ಹೇಳು ಅಂತ ನಂಗೆ ಹೇಳಿ ಹೋಗಿದಾಳೆ."

ಡಾಕ್ಟರ್ ಟ್ರ್ಯಾಮೆಲ್ ತಮ್ಮ ಕೈಯಲ್ಲಿದ್ದ ಕಾಗದವನ್ನು ನೋಡುತ್ತ ಕೂತಿದ್ದರು, ಕಿವಿ ಕೆಂಪಗಾಗಿತ್ತು. ಮಾರ್ಲೀನ್ ನಿಂತೇ ಇದ್ದಳು.

ಎರಡನೇ ಸಾಲಿನಿಂದ ಒಡಕು ದನಿಯೊಂದು ಬಂತು. "ಆಮೆನ್."

ಇಮೋಜೀನ್. ನಿಜವೆಂದು ಸಾಕ್ಷಿ ಹೇಳಲು ಆ ಚರ್ಚಿನಲ್ಲಿ ಅಷ್ಟು ಸಾಕು.

*

ಮಣ್ಣು ಮುಗಿಸಿ ಬಂದು ಎಲ್ಲರೂ ಚರ್ಚಿನ ಊಟದ ಹಾಲಿನಲ್ಲಿ ಸೇರಿದರು. ಕೆಲವರು ಮಾರ್ಲೀನಳನ್ನು ಅಪ್ಪಿಕೊಂಡರು. ಕೆಲವರು ಮ್ಯಾಕರೋನಿಯ ಬಗ್ಗೆ ಬಹಳ ಮಾತಾಡಿದರು.

"ತಾಯಿ ಪೆಟ್ಟಿಗೆ ಮುಂದೇನೇ ಹಾಗೆ ಮಾತಾಡೋದೇ?" ಎಂದಿತು ಬೆನ್ನ ಹಿಂದೊಂದು ದನಿ.

"ಸುಮ್ನೆ ತಿನ್ನು ವಾನೀಟಾ," ಎಂದಳು ಇಮೋಜೀನ್. "ಬಾಯಿ ತುಂಬಿದ್ರೆ ನೀನು ಚೆಂದ ಕಾಣ್ತೀಯ."

ಡಾಕ್ಟರ್ ಟ್ರ್ಯಾಮೆಲ್ ಬಂದು ನಿಂತರು. ಏನೋ ಹೇಳಲು ಹೋಗಿ, "ಆ ಪುಸ್ತಕ ನಂಗೆ ಕೊಡ್ತೀರಾ? ಪೆನ್ಸಿಲಲ್ಲಿ ಬರೆದಿದಾರೆ ಅಂತಲ್ಲ, ಅದು," ಎಂದರು. ಕೊಡುತ್ತೇನೆ ಎಂದಳು ಮಾರ್ಲೀನ್. ಅವರು ಫ್ಲೋಯಳ ಕೆಂಪು ಜೆಲ್ಲಿಯನ್ನು ಒಂದು ಚಮಚ ಹಾಕಿಸಿಕೊಂಡು ಮೂಲೆಯಲ್ಲಿ ಒಬ್ಬರೇ ಕೂತು ಅಷ್ಟನ್ನೂ ತಿಂದರು.

ಆಗ ಇಮೋಜೀನ್ ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದಳು. ಹೊರಗೆ, ಚರ್ಚಿನ ಮೆಟ್ಟಿಲ ಮೇಲೆ, ಬೂದು ಹ್ಯಾಟಿನ ಕಪ್ಪು ವೃದ್ಧೆಯೊಬ್ಬಳು ಕೂತಿದ್ದಳು, ಬೆನ್ನು ನೆಟ್ಟಗೆ.

"ಕೊನೇ ಬೆಂಚಲ್ಲಿದ್ರು. ಒಳಗ್ ಬನ್ನಿ ಅಂತ ಕರೆದೆ. ಮೊಮ್ಮಗಳು ಕಾರ್ ತರ್ತಾಳೆ, ಇಲ್ಲೇ ಇರ್ತೀನಿ ಅಂದ್ರು." ಇಮೋಜೀನ್ ನೀಲಿ ಅಂಚಿನ ತಟ್ಟೆಯ ಬ್ರೆಡ್ಡನ್ನು ಬೇರೆಡೆಗೆ ಸುರಿದು, ತಟ್ಟೆಯನ್ನು ಮಾರ್ಲೀನಳ ಕೈಗಿಟ್ಟಳು. "ನಂಗೆ ಆ ಬೆನ್ನಿನ ಗುರ್ತಿದೆ ಕಣೆ."

ಮಾರ್ಲೀನ್ ಕೋಳಿ ಬಡಿಸಿದಳು, ಹುರುಳಿಕಾಯಿ, ಮ್ಯಾಕರೋನಿ, ಜೋಳದ ಬ್ರೆಡ್ಡು. ಮೇಲೆ ಫಾಯಿಲ್ ಮುಚ್ಚಿದಳು. ಬಾಗಿಲ ಹಿಡಿ ಹಿತ್ತಾಳೆಯದೇ. ಮೊಣಕೈಯಿಂದ ಒತ್ತಿ ಹೊರಗೆ ಬಂದಳು.

"ನೆಲ್ಡಾ ಮಗಳು ತಾನೆ?" ವೃದ್ಧೆ ತಿರುಗದೆಯೇ ಕೇಳಿದಳು. "ನಾನು ವರ್ನೆಲ್ ಗ್ಯಾಸ್ಕಿನ್. ಮೂವತ್ತಾರು ವರ್ಷ ಮಕ್ಕಳಿಗೆ ಗಣಿತ ಹೇಳ್ಕೊಟ್ಟೆ, ಬೇರೆ ಕಾಲೇಜಲ್ಲಿ ಓದಿ. ಪೇಪರಲ್ಲಿ ನೋಡಿದೆ. ಆವತ್ತು ನಾನು ಊಟ ಮಾಡಿದ್ದೆ ಅನ್ನೋದು ನಂಗೇ ಗೊತ್ತಿರ್ಲಿಲ್ಲ."

ಮಾರ್ಲೀನ್ ತಟ್ಟೆ ಹಿಡಿದೇ ಒಂದು ಮೆಟ್ಟಿಲು ಇಳಿದಳು.

"ಎದ್ದು ನಿಂತು ಸುಳ್ಳು ಅಂತ ಹೇಳೋಕೇ ಬಂದಿದ್ದು ನಾನು. ಅದಕ್ಕೇ ಅಂತ ಹ್ಯಾಟು ಬೇರೆ ಹೊಸದು ತಗೊಂಡೆ. ನೀನು ನನ್ ಕೆಲಸ ಕಿತ್ಕೊಂಡೆ."

"ತಪ್ಪಾಯ್ತು ಮ್ಯಾಮ್."

"ಇದಕ್ಕಲ್ಲ ತಪ್ಪಾಯ್ತು ಅನ್ನೋದು." ವರ್ನೆಲ್ ಬೀದಿಯ ಕಡೆಗೆ ನೋಡುತ್ತಿದ್ದಳು. ಎದುರಿಗೆ ಎಲರ್ಬಿಯ ಗಂಟೆಗೋಪುರ. "ನಿಮ್ಮಮ್ಮನ ಬಗ್ಗೆ ಒಳ್ಳೇ ಮಾತು ಹೇಳೋಕೆ ನನ್ ಕೈಲಾಗಲ್ಲ."

"ಬೇಡ ಮ್ಯಾಮ್."

"ಆವತ್ತು ಬಾಗ್ಲ ಗಾಜಿನ ಹಿಂದೆ ಯಾರೋ ಬಂದು ನಿಂತಿದ್ರು. ಕೈಯಲ್ಲಿ ಏನೋ ಬಿಳೀದು ಇತ್ತು. ಬಾಗ್ಲು ತೆಗೀತಾರೇನೋ ಅಂದ್ಕೊಂಡೆ. ಪತ್ರ ತಪ್ಪಾಗಿ ಓದಿದ್ವಿ, ಒಳಗ್ ಬಾ ಅಂತಾರೇನೋ ಅಂದ್ಕೊಂಡೆ." ಹ್ಯಾಟನ್ನು ಸರಿಮಾಡಿಕೊಂಡಳು. "ಅದು ಊಟ ಅಂತ ಇವತ್ತು ಗೊತ್ತಾಯ್ತು."

ಮೂಲೆಯಲ್ಲಿ ಕಾರೊಂದು ತಿರುಗಿ ಮೆಟ್ಟಿಲ ಬಳಿ ಬಂದು ನಿಂತಿತು. ಮಾರ್ಲೀನ್ ಬಗ್ಗಿ ತಟ್ಟೆಯನ್ನು ಮುಂದೆ ಹಿಡಿದಳು. ತಟ್ಟೆ ಇಬ್ಬರ ನಡುವೆ ಕೊಂಚ ಹೊತ್ತು ಹಾಗೇ ಇತ್ತು.

ವರ್ನೆಲ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣಿಗಿಂತ ಮೇಲೆತ್ತಿ, ತಳದಲ್ಲಿದ್ದ ಹೆಸರನ್ನು ನಿಧಾನವಾಗಿ ಓದಿದಳು. ಆಮೇಲೆ ಕಾರಿನ ಕಡೆ ಕೈ ಎತ್ತಿ ಸ್ವಲ್ಪ ತಾಳು ಎಂದು ಸನ್ನೆ ಮಾಡಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಫಾಯಿಲಿನ ಒಂದು ಮೂಲೆಯನ್ನು ಬಿಚ್ಚಿದಳು.