ಲಾಂಡ್ರಿಯಲ್ಲಿ ಸೋಮವಾರ

"ತಲೆ ಕಡೆ ಸ್ವಲ್ಪ ಎತ್ತಿ, ತಲೆ ಕಡೆ" ಎಂದು ಟೈರ್ ಅಂಗಡಿಯವನು ಕೆಳಗಿನಿಂದ ಕೂಗುತ್ತಿದ್ದ. ಕೆಳಗಿಳಿಸುತ್ತಿದ್ದ ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಗೋಡೆಗೂ ಪೆಟ್ಟಿಗೆಗೂ ನಡುವೆ ಸಭಾಪಾಲಕ ಅಪ್ಪಚ್ಚಿಯಾಗಿ ನಿಂತು ಬೆವರುತ್ತಿದ್ದ. ಟೈರ್ ಅಂಗಡಿಯ ಮೇಲಿನ ಈ ಬಾಡಿಗೆ ಕೋಣೆಯಲ್ಲಿ ಅವನು ಹೊಸ ಕ್ರೈಸ್ತ ಸಭೆ ಶುರುಮಾಡಿ ಏಳು ವರ್ಷವಾಗಿತ್ತು. ಒಂದು ಮದುವೆ ನಡೆಸುವ ಯೋಗವೂ ಬರಲಿಲ್ಲ. ಬಂದದ್ದು ಈ ಶವಸಂಸ್ಕಾರದ ಆರಾಧನೆ, ಅದಕ್ಕೂ ಮೆಟ್ಟಿಲು ಅಡ್ಡ.

"ಅಜ್ಜಿಗೆ ಹೋಗೋಕೆ ಮನಸ್ಸಿಲ್ಲ ಪಾಸ್ಟರ್," ಅಂದ ಟೈರ್ ಅಂಗಡಿಯವನು.

"ಇರೋಕೆ ಇಲ್ಲಿ ಏನಿದೆ ಮಹಾ?" ಎಂದ ಸಭಾಪಾಲಕ.

ಹೆಂಡತಿ ಹಿಂದಿನಿಂದ ಅವನ ಅಂಗಿ ಜಗ್ಗಿದಳು. ಅವನ ಮನಸ್ಸಿನಲ್ಲಿದ್ದದ್ದು ಅವಳಿಗೊಬ್ಬಳಿಗೇ ಗೊತ್ತು. ನಾಳೆ ಭಾನುವಾರದ ಆರಾಧನೆ ಮುಗಿಸಿ, ಸಭೆಯನ್ನು ಮುಚ್ಚುತ್ತಿದ್ದೇನೆ ಎಂದು ಹೇಳಿ, ಕೋಣೆ ಖಾಲಿ ಮಾಡುವುದೆಂದು ಅವನು ತೀರ್ಮಾನಿಸಿದ್ದ. ಮನೆಮನೆ ತಿರುಗಿ ಚಪ್ಪಲಿ ಸವೆದದ್ದೇ ಬಂತು. ಸೇರಿದವರು ಹನ್ನೊಂದು ಮಂದಿ, ಅದರಲ್ಲಿ ಮೂವರು ಅವನ ಮನೆಯವರೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಈಗ ಅಜ್ಜಿಯೂ ಹೋಗಿ ಹತ್ತು.

*

ಅಜ್ಜಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುವವಳು. ಓದು ಬಾರದು. ಸಭಾಪಾಲಕ ಹಿಂದಿನ ಭಾನುವಾರ ಹೇಳಿದ ಬೈಬಲ್ ಕತೆಗೆ ಈ ವಾರ ಒಂದು ಪ್ರಶ್ನೆ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದಳು. ಮೀನಿನ ಹೊಟ್ಟೆಯಲ್ಲಿ ಮೂರು ದಿನ ಇದ್ದ ಯೋನನ ಬಟ್ಟೆ ಒಗೆದವರು ಯಾರು ಎಂದು ಒಮ್ಮೆ ಕೇಳಿದ್ದಳು. ಗಂಟಲು ಹರಿದುಕೊಂಡು ಕಲಿಸಿದ್ದಕ್ಕೆ ಇವಳ ತಲೆಗೆ ಹತ್ತಿದ್ದು ಇಷ್ಟೇ ಎಂದು ಅವನಿಗೆ ಮೈಯೆಲ್ಲ ಉರಿದಿತ್ತು.

ಕಳೆದ ಭಾನುವಾರ ಅವನು ಹೇಳಿದ್ದು ಇಬ್ಬರು ಮಕ್ಕಳ ಕತೆ. ಕಿರಿಯವನು ತನ್ನ ಪಾಲಿನ ಆಸ್ತಿಯನ್ನೆಲ್ಲ ಹಾಳುಮಾಡಿ ಮನೆಗೆ ಮರಳಿದ, ಅಪ್ಪ ಊರಿಗೆಲ್ಲ ಊಟ ಹಾಕಿಸಿದ. ವರ್ಷಗಟ್ಟಲೆ ಹೊಲದಲ್ಲಿ ದುಡಿದಿದ್ದ ಹಿರಿಯವನು ಮಾತ್ರ ಸಿಟ್ಟಾಗಿ ಬಾಗಿಲ ಹೊರಗೇ ನಿಂತ. ಅಪ್ಪನೇ ಹೊರಗೆ ಬಂದು ಬೇಡಿಕೊಂಡ. ಈ ಸಲ ಅಜ್ಜಿ ವಾರ ಕಾಯಲಿಲ್ಲ.

"ಆಮೇಲೆ ದೊಡ್ಡ ಮಗ ಒಳಗೆ ಹೋದ್ನಾ ಪಾಸ್ಟರ್?"

"ಬರೆದಿಲ್ಲ ಅಜ್ಜಿ."

"ಹಾಗೆ ಹೊರಗೇ ಬಿಟ್ರೆ ಹೇಗೆ? ಊಟ ಆರಿಹೋಗಲ್ವಾ?"

"ಬರೆದಿಲ್ಲ ಅಂದ್ನಲ್ಲ. ಅದೆಲ್ಲ ಕಟ್ಕೊಂಡು ನಿಮಗೇನಾಗಬೇಕು?"

ಅಜ್ಜಿ ಚೀಲ ಎತ್ತಿಕೊಂಡಳು. "ಇವತ್ತು ಸಿಟ್ಟಲ್ಲಿದ್ದೀರಿ. ಮುಂದಿನ ವಾರ ಕೇಳ್ತೀನಿ," ಎಂದು ಮೆಟ್ಟಿಲಿಳಿದು ಹೋದಳು. ಗುರುವಾರ ಬೆಳಿಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ.

*

ಸ್ಮಶಾನದಲ್ಲಿ ಹತ್ತು ಜನರ ಹಾಡು ಪಕ್ಕದ ರಸ್ತೆಯ ಲಾರಿಗಳ ಸದ್ದಿನಲ್ಲಿ ಮುಳುಗಿಹೋಯಿತು. ಮಣ್ಣು ಮುಚ್ಚಿದ್ದಾಯಿತು. ಅವನು ಬೈಬಲನ್ನು ಕಂಕುಳಿಗೆ ಸೇರಿಸಿ ಹೊರಡಬೇಕು, ಅಷ್ಟರಲ್ಲಿ ಗೇಟಿನಿಂದ ಕಡಿಮೆಯೆಂದರೂ ಮೂವತ್ತು ಹೆಂಗಸರು ದಡದಡ ನಡೆದು ಬಂದರು. ಎಲ್ಲರದೂ ಒಂದೇ ಥರದ ನೀಲಿ ಮೇಲಂಗಿ, ನೀರಿನಲ್ಲಿ ನೆನೆದು ಬಿಳಿಚಿದ ಬೆರಳುಗಳು.

"ತಡ ಆಯ್ತು. ಊಟದ ಹೊತ್ತಿಗೇ ಬಿಟ್ಟಿದ್ದು," ಎಂದಳು ಮುಂದಿದ್ದವಳು. ಲಾಂಡ್ರಿಯ ಮೇಸ್ತ್ರಿ ಅವಳು. "ನೀವೇನಾ ಪಾಸ್ಟರ್? ಮನುಷ್ಯ ಮುಂಗೋಪಿ, ಆದ್ರೆ ಕತೆ ಚೆನ್ನಾಗಿ ಹೇಳ್ತಾರೆ ಅಂತಿದ್ರು ಅಜ್ಜಿ."

"ನಿಮಗೆ ಕತೆ ಹೇಗೆ ಗೊತ್ತು?"

"ಭಾನುವಾರ ಅಜ್ಜಿಗೊಬ್ಬರಿಗೇ ರಜ. ನೀವು ಅವತ್ತು ಹೇಳಿದ್ದನ್ನ ಸೋಮವಾರ ಬಟ್ಟೆ ಮಡಚ್ತಾ ನಮಗೆಲ್ಲ ಹೇಳೋರು. ನಾನು ಸೇರಿ ಆರು ವರ್ಷ ಆಯ್ತು, ಒಂದು ಸೋಮವಾರ ತಪ್ಪಿಲ್ಲ. ಯೋನನ ಬಟ್ಟೆ ವಿಷಯಕ್ಕೆ ಎಂಥಾ ಜಗಳ ಅಂತೀರಿ. ಮೀನಿನ ವಾಸನೆ ಸೋಡಾ ಹಾಕಿ ಕುದಿಸಿದ್ರೂ ಹೋಗಲ್ಲ ಅಂತ ನಾನು. ಕೊನೆಗೆ, ಇರಿ, ಪಾಸ್ಟರನ್ನೇ ಕೇಳ್ಕೊಂಡು ಬರ್ತೀನಿ ಅಂದ್ರು."

ಸಭಾಪಾಲಕನಿಗೆ ನಾಚಿಕೆಯಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷದಲ್ಲಿ ಈ ಮುದುಕಿ ಒಂದೇ ಒಂದು ಮಾತು ತನಗೆ ಹೇಳಬಾರದಿತ್ತೇ? ಕೇಳೋಣವೆಂದರೆ ಅವಳು ಆರಡಿ ಮಣ್ಣಿನ ಕೆಳಗಿದ್ದಳು.

"ಈ ಸೋಮವಾರದ್ದು ಅರ್ಧಕ್ಕೇ ನಿಂತಿದೆ," ಎಂದಳು ಮೇಸ್ತ್ರಿ. "ದೊಡ್ಡ ಮಗ ಒಳಗೆ ಹೋದ್ನಾ?"

"ಅದು ಬರೆದಿಲ್ಲಮ್ಮ."

"ಬರೀದಿದ್ರೆ ಬಿಡಿ. ನೀವೇನಂತೀರಿ ಹೇಳಿ. ಇನ್ನೂ ಅರ್ಧ ಗಂಟೆ ಇದೆ ನಮಗೆ."

ಅಷ್ಟು ಹೆಂಗಸರೂ ಹಸಿಮಣ್ಣಿನ ಸುತ್ತ ನೆಲದ ಮೇಲೆಯೇ ಕೂತುಬಿಟ್ಟರು. ಅವನ ಹೆಂಡತಿಯೂ ಅವರ ನಡುವೆ ಹೋಗಿ ಕೂತಳು. ಅವನು ಗಂಟಲು ಸರಿಮಾಡಿಕೊಂಡ.

"ಒಬ್ಬ ಅಪ್ಪನಿಗೆ ಇಬ್ಬರು ಮಕ್ಕಳಿದ್ರು..."

"ಅದೆಲ್ಲ ಗೊತ್ತು. ದೊಡ್ಡವನು ಬಾಗಿಲ ಹೊರಗೆ ನಿಂತಿದ್ದಾನಲ್ಲ, ಅಲ್ಲಿಂದ ಹೇಳಿ," ಎಂದು ಮೇಸ್ತ್ರಿ ಪಕ್ಕದ ನೆಲದ ಮೇಲಿದ್ದ ಕಲ್ಲುಗಳನ್ನು ಬಿಳಿಚಿದ ಕೈಯಿಂದ ಸರಿಸಿ ಅವನಿಗೂ ಕೂರಲು ಜಾಗ ಮಾಡಿದಳು.