ಮೂರು ದಿನದ ನಿದ್ದೆ

"ಏ ಹೆಣವೇ, ಕೂತಲ್ಲೇ ಗೊರಕೆಯಾ? ಪಾತ್ರೆ ತಿಕ್ಲಿಕ್ಕೆ ಬಂದದ್ದಾ, ನಮ್ಮ ಹಿತ್ತಿಲಲ್ಲಿ ಮಲಗ್ಲಿಕ್ಕೆ ಬಂದದ್ದಾ?"

ಸುಬ್ಬಲಕ್ಷ್ಮಿ ಅಕ್ಕನ ದನಿಗಿಂತ ಮೊದಲು ನೀರು ಬಂದಿತ್ತು. ಅಕ್ಕಿ ತೊಳೆದ ನೀರು, ಚೆಂಬಿನ ತುಂಬ. ಕಣ್ಣು ಬಿಟ್ಟಾಗ ಹುಣಸೆಹುಳಿ ನನ್ನ ಮುಷ್ಟಿಯಲ್ಲೇ ಇತ್ತು. ತಾಮ್ರದ ಹಂಡೆ ಕೈತಪ್ಪಿ ಬಾಳೆಯ ಬುಡದವರೆಗೆ ಉರುಳಿತ್ತು. ಆ ಸದ್ದಿಗೆ ಒಳಗಿನಿಂದ ಅವರು ಬಂದರೂ ನನಗೆ ಎಚ್ಚರವಾಗಿರಲಿಲ್ಲ.

"ಇಲ್ಲಕ್ಕ. ರಾತ್ರಿ ನಿದ್ದೆ ಬರುದಿಲ್ಲ. ಅದಕ್ಕೆ ಕಣ್ಣು ಸ್ವಲ್ಪ..."

"ಆಪರೇಷನ್ ಆಗಿ ಎಷ್ಟು ಸಮಯ ಆಯ್ತು? ನನ್ನ ಅತ್ತಿಗೆಗೂ ಅದೇ ಆದದ್ದು. ಈಗ ಕುದುರೆ ಹಾಗೆ ಓಡ್ತಾಳೆ."

ಆ ಅತ್ತಿಗೆಯನ್ನು ನೋಡಿಕೊಳ್ಳಲು ಹೋಮ್ ನರ್ಸ್ ಇದ್ದಳೆಂದು ಹಿಂದೆ ಅಕ್ಕನೇ ಹೇಳಿದ್ದರು. ಹಂಡೆ ಎತ್ತಿ ತಂದು ಮತ್ತೆ ತಿಕ್ಕಿದೆ. ಮುಖದಿಂದ ಇಳಿದ ನೀರು ರವಿಕೆಯೊಳಗೆ ಹೋಗುತ್ತಿತ್ತು. ತಂಪಾಗಿದೆ ಎಂದು ಮಾತ್ರ ಅನಿಸಿತು.

ಈಗ ನನಗೆ ಹೆಚ್ಚೇನೂ ಅನಿಸುವುದಿಲ್ಲ. ಹೊಕ್ಕುಳಿನ ಕೆಳಗೆ ಹೊಲಿಗೆ ಹಾಕಿದ ಕಡೆ ಚಿವುಟಿದರೂ ಗೊತ್ತಾಗುವುದಿಲ್ಲ. ಅಲ್ಲಿಂದ ಶುರುವಾದ ಜೋಮು ಉಳಿದ ಮೈಗೂ ಹಬ್ಬಿದೆಯೋ ಏನೋ. ರಾತ್ರಿ ಮಾತ್ರ ಮೈ ಎಚ್ಚರವಾಗುತ್ತದೆ. ಎದೆಯಿಂದ ಒಂದು ಬಿಸಿ ಎದ್ದು ತಲೆಗೆ ಏರುತ್ತದೆ, ಚಾಪೆ ಒದ್ದೆಯಾಗುತ್ತದೆ. ಸೊಂಟದಲ್ಲಿ ಜೀವವಿಲ್ಲ, ಮಗ್ಗುಲು ಬದಲಿಸಬೇಕಾದರೆ ಗೋಡೆ ಹಿಡಿಯಬೇಕು. ಕೆಮ್ಮು ಬಂದರೆ ತಲೆದಿಂಬನ್ನು ಹೊಟ್ಟೆಗೆ ಒತ್ತಿಕೊಳ್ಳಬೇಕು. ಮಗಳು ಭವ್ಯಶ್ರೀ ಬಂದ್ಯೋಡು ಪೇಟೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬಂದಿರುತ್ತಾಳೆ, ಅವಳನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ. ಗಂಡ ಭುಜಂಗ ಕಲ್ಲುಕೋರೆಯಿಂದ ವಾರಕ್ಕೊಮ್ಮೆ ಬರುವವನು. ಬೆಳಕು ಹರಿಯುವ ಹೊತ್ತಿಗೆ ರೆಪ್ಪೆ ಅಂಟುತ್ತದೆ. ಅಷ್ಟರಲ್ಲಿ ಮೇಲಿನ ಮನೆಯಿಂದ ಕೂಗು ಬರುತ್ತದೆ.

ಮೇಲಿನ ಮನೆ ಎಂದರೆ ಈಶ್ವರಪ್ರಸಾದ ಧನಿಗಳದು, ಸುಬ್ಬಲಕ್ಷ್ಮಿ ಅಕ್ಕ ಅವರ ಹೆಂಡತಿ. ನಮ್ಮ ಬಿಡಾರ ಇರುವುದು ಅವರ ಜಾಗದಲ್ಲಿ. ನಮ್ಮ ಹೆಸರಿಗೆ ಜಾಗದ ಪಟ್ಟೆ ಇಲ್ಲ. ಮದುವೆಯಾಗಿ ಬಂದ ಮರುದಿನದಿಂದಲೇ ನಾನು ಅವರ ಅಂಗಳ, ದನದ ಹಟ್ಟಿ, ಪಾತ್ರೆ ನೋಡಿಕೊಂಡವಳು. ಹಬ್ಬಕ್ಕೆ ರಜೆ ಇಲ್ಲ, ಜ್ವರಕ್ಕೆ ರಜೆ ಇಲ್ಲ. ಒಂದಕ್ಕೆ ಮಾತ್ರ ಇತ್ತು. ತಿಂಗಳಿಗೆ ಮೂರು ದಿನ, ಮುಟ್ಟಾದಾಗ.

ಮುಟ್ಟಾದವಳು ಅವರ ದನ ಮುಟ್ಟಬಾರದು, ಪಾತ್ರೆ ಮುಟ್ಟಬಾರದು, ತುಳಸಿಕಟ್ಟೆ ಕಾಣುವಲ್ಲಿ ನಡೆಯಬಾರದು. ಆ ದಿನಗಳಲ್ಲಿ ಅವರ ಮನೆಯವರು ಬಿಡಾರದ ಹತ್ತಿರವೂ ಬರುತ್ತಿರಲಿಲ್ಲ. ಹೊಟ್ಟೆ ಕಿವುಚುತ್ತಿದ್ದರೂ ನಾನು ಬಾಗಿಲು ತೆರೆದಿಟ್ಟು ಹಗಲಿಡೀ ಮಲಗುತ್ತಿದ್ದೆ. ಅಂಥ ನಿದ್ದೆಯನ್ನು ಏನೆಂದು ಹೇಳಲಿ? ಅವರು ನಮ್ಮನ್ನು ಹೊಲಸು ಎಂದು ದೂರ ಇಟ್ಟದ್ದು, ನಮಗೆ ಅದು ಹಾಸಿಗೆಯಾಗಿತ್ತು. ಹೀಗೆ ಹೇಳುವುದು ಸರಿಯೋ ತಪ್ಪೋ ತಿಳಿಯದು.

ಹಟ್ಟಿ ಕೆಲಸದ ಅಮ್ಮಣಿಗೆ ತಲೆ ಪೂರ್ತಿ ಬೆಳ್ಳಗಾಗಿದೆ. ಅವಳು ಇವತ್ತಿಗೂ ತಿಂಗಳಿಗೆ ಮೂರು ದಿನ ಬರುವುದಿಲ್ಲ.

"ನಿಂಗೆ ಇನ್ನೂ ನಿಲ್ಲಲಿಲ್ಲವಾ ಅಮ್ಮಣಿ?" ಎಂದು ಅಕ್ಕ ಒಮ್ಮೆ ಕೇಳಿದ್ದರಂತೆ.

"ಎಂತ ಮಾಡುದಕ್ಕ, ನಮ್ಮ ಜಾತಿಯವರಿಗೆ ರಕ್ತ ಜಾಸ್ತಿ. ನೋಡ್ತೀರಾ?" ಎಂದಳಂತೆ ಇವಳು. ಅಕ್ಕ ಮೂಗು ಮುಚ್ಚಿಕೊಂಡು ಒಳಗೆ ಹೋದರಂತೆ.

ಇದನ್ನು ಹೇಳುವಾಗಲೆಲ್ಲ ಅಮ್ಮಣಿ ತೊಡೆ ತಟ್ಟಿ ನಗುತ್ತಾಳೆ. ನನಗೆ ಆ ದಾರಿಯೂ ಉಳಿಯಲಿಲ್ಲ. ಕಳೆದ ವರ್ಷದಿಂದ ನನಗೆ ರಕ್ತ ನಿಲ್ಲದಾಯಿತು. ತಿಂಗಳ ಅರ್ಧ ನಾನು ಹೊರಗೆ. "ಇವಳು ಹೀಗೆ ಕೂತ್ರೆ ಸೆಗಣಿ ಬಾಚುದು ಯಾರು? ನಾನಾ?" ಎಂದು ಅಕ್ಕ ಧನಿಗಳ ಮೇಲೆ ಹರಿಹಾಯ್ದರು. ಧನಿಗಳು ಅವರದೇ ಕಾರಿನಲ್ಲಿ, ಸೀಟಿಗೆ ಪ್ಲಾಸ್ಟಿಕ್ ಹಾಸಿ, ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಡ್ಡೆ ಇದೆ, ಗರ್ಭಕೋಶ ತೆಗೆಯಬೇಕು ಎಂದರು ಡಾಕ್ಟರು. ತೆಗೆದರು. ಊರಿಗೆಲ್ಲ ಗೊತ್ತಾಯಿತು.

ನಾನು ಕೆಲಸಕ್ಕೆ ಮರಳಿದ ದಿನ ಅಕ್ಕ ಜಗಲಿಯಲ್ಲಿ ನಿಂತು ಹೇಳಿದ ಮಾತು ಒಂದೇ.

"ಒಳ್ಳೆದಾಯ್ತು ಜಲಜಾಕ್ಷಿ. ಇನ್ನು ನಿಂಗೆ ಆ ರಗಳೆ ಇಲ್ಲ. ತಿಂಗಳಿಡೀ ಬರ್ಬಹುದು."

ನಾನು ಹೂಂ ಎಂದೆ. ಹಟ್ಟಿಯಲ್ಲಿ ಅಮ್ಮಣಿ ಮಾತ್ರ ಗೊಣಗಿದಳು. "ಬೇವರ್ಸಿ ಹೆಂಗಸು. ನಿನ್ನ ಹೊಟ್ಟೆ ಕೊಯ್ಸಿದ್ದು ನಿನ್ನ ಒಳ್ಳೆದಕ್ಕಲ್ಲ ಮಾರಾಯ್ತಿ, ಆ ಮೂರು ದಿನಕ್ಕೆ."

ನಿದ್ದೆಯ ವಿಷಯವನ್ನು ಆಸ್ಪತ್ರೆಯಲ್ಲಿ ಹೇಳಲಿಲ್ಲ ಎಂದಲ್ಲ. ಹೊಲಿಗೆ ತೋರಿಸಲು ಹೋದಾಗ ಹೇಳಿದೆ. ಡಾಕ್ಟರು ಫೋನ್ ನೋಡುತ್ತ ಮಲಯಾಳದಲ್ಲಿ ಏನೋ ಅಂದರು. ನರ್ಸ್ ಅದನ್ನು ತನಗೆ ಬಂದಷ್ಟು ಕನ್ನಡಕ್ಕೆ ತಂದಳು.

"ಉರಕ್ಕ... ನಿದ್ದೆ ಬರುದಿಲ್ಲ ಅಲ್ವಾ ಚೇಚಿ? ಶರೀರದಲ್ಲಿ ಚೇಂಜ್ ಆಗ್ತದೆ, ಅದಕ್ಕೆ. ಮಲಗುವ ರೂಮು ತಂಪು ಬೇಕು. ಟೆನ್ಶನ್ ಬೇಡ. ಹಗಲು ಮಲಗ್ಬಾರದು. ಭಾರ ಎತ್ತಲೇಬಾರದು."

ನಮ್ಮ ಬಿಡಾರಕ್ಕೆ ಶೀಟಿನ ಛಾವಣಿ. ಹಗಲು ಕುಡಿದ ಬಿಸಿಲನ್ನು ಅದು ಬೆಳಗಿನವರೆಗೆ ಕಾರುತ್ತದೆ. "ರೂಮು ತಂಪು ಮಾಡುದು ಹೇಗೆ?" ಎಂದು ಕೇಳಿದೆ.

ನರ್ಸ್ ಅದನ್ನು ಡಾಕ್ಟರಿಗೆ ದಾಟಿಸಿದಳು. ಅವರು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು. ಬಳಿಕ ಬೆಲ್ ಒತ್ತಿ ಮುಂದಿನವರನ್ನು ಕರೆದರು.

ನಾಗ ತಂಬಿಲದ ದಿನ ಬಂತು. ಧನಿಗಳ ಮನೆಯವರು ವರ್ಷಕ್ಕೊಮ್ಮೆ ಗದ್ದೆಯಾಚೆಯ ನಾಗಬನದಲ್ಲಿ ಮಾಡಿಸುವ ಪೂಜೆ. ಬನದ ಒಳಗೆ ಕೆಲಸಕ್ಕೆ ಹೆಂಗಸರನ್ನು ಬಿಡುತ್ತಿರಲಿಲ್ಲ. ಯಾವ ಹೊತ್ತಿಗೆ ಯಾರು ಮುಟ್ಟಾಗುತ್ತಾರೋ ಎಂಬ ಹೆದರಿಕೆ. ಬನ ಗುಡಿಸಲು, ಪೂಜೆಯ ಸೀಯಾಳ ಹೊರಲು ಗಂಡಾಳುಗಳನ್ನೇ ಕರೆಯುತ್ತಿದ್ದರು. ಈ ವರ್ಷ ಆಳುಗಳು ಸಿಗಲಿಲ್ಲ.

"ಜಲಜಾಕ್ಷಿ ಸಾಕು," ಎಂದರು ಅಕ್ಕ. "ಅವಳೀಗ ಯಾವಾಗಲೂ ಶುದ್ಧ."

ಹಿಂದಿನ ರಾತ್ರಿಯೂ ಕಣ್ಣು ಮುಚ್ಚಿರಲಿಲ್ಲ. ಬೆಳಿಗ್ಗೆ ಮಿಂದು ಬಂದು ಬನ ಗುಡಿಸಿದೆ. ನಾಗನ ಕಲ್ಲಿನ ಮುಂದೆ ಸೆಗಣಿ ಸಾರಿಸಿದೆ. ಹರಿವಾಣಗಳನ್ನು ತೊಳೆದು ಕವುಚಿ ಹಾಕಿದೆ. ನೆಲ ಆಗಾಗ ಎದ್ದು ಬರುವ ಹಾಗೆ ಕಾಣುತ್ತಿತ್ತು. ಅಂಗಳಕ್ಕೆ ಮರಳಿದಾಗ ಪುರೋಹಿತ ಭಟ್ಟರು ಬಂದು ಕೂತಿದ್ದರು. ಧನಿಗಳು ಒದ್ದೆ ಮಡಿಯಲ್ಲಿ ನಿಂತಿದ್ದರು. ಮೆಟ್ಟಿಲ ಹತ್ತಿರ ಸೀಯಾಳ ತುಂಬಿದ ಬುಟ್ಟಿ ಇತ್ತು.

"ಎತ್ತು, ಹೊತ್ತು ಮೀರ್ತದೆ," ಎಂದರು ಅಕ್ಕ.

"ಭಾರ ಎತ್ಬಾರ್ದು ಹೇಳಿದ್ದಾರಕ್ಕ."

"ಎತ್ತಿದ್ರೆ ಎಂತ ಬೀಳ್ತದೆ? ಒಳಗೆ ಇನ್ನೆಂತ ಉಂಟು ನಿಂಗೆ? ಎಲ್ಲ ತೆಗ್ದು ಬಿಸಾಡಿದ್ದಲ್ವಾ?"

ಭಟ್ಟರು ನಕ್ಕರು. ಧನಿಗಳೂ ನಕ್ಕರು. ದೊಡ್ಡ ನಗೆಯೇನಲ್ಲ. ಚಹಾ ಕುಡಿಯುವಾಗ ನಗುವಷ್ಟು.

ನಾನು ಬಗ್ಗಿದೆ. ಬುಟ್ಟಿಯ ಅಂಚು ಹಿಡಿದೆ. ಹೊಲಿಗೆಯ ಒಳಗೆ ಏನೋ ಎಳೆಯಿತು. ಕೈ ಬಿಟ್ಟು ನೆಟ್ಟಗೆ ನಿಂತೆ. ಯೋಚಿಸಿ ಆಡಿದ ಮಾತಲ್ಲ ಅದು.

"ನಾನು ಮುಟ್ಟಾಗಿದ್ದೇನೆ."

ಧನಿಗಳು ಎರಡು ಹೆಜ್ಜೆ ಹಿಂದೆ ಸರಿದರು.

"ಎಂತ?" ಎಂದರು ಅಕ್ಕ.

"ಮುಟ್ಟು. ಬೆಳಿಗ್ಗೆಯೇ ಆದದ್ದು."

"ಬನ ಗುಡಿಸಿದ್ದು ಯಾರು?" ಭಟ್ಟರು ಕೇಳಿದರು.

"ನಾನೇ."

"ಹರಿವಾಣ?"

"ಅದೂ ನಾನೇ."

"ಸುಳ್ಳು!" ಅಕ್ಕನ ದನಿ ಒಡೆಯಿತು. "ಭಟ್ರೇ, ಇವಳಿಗೆ ಗರ್ಭಕೋಶವೇ ಇಲ್ಲ! ನಾವೇ ತೆಗೆಸಿದ್ದು! ಹೇಳೇ ರಂಡೆ, ಇಲ್ಲದ್ದರಿಂದ ಹೇಗೆ ಬಂತು?"

"ಬಂತು," ಎಂದೆ. "ಸಂಶಯ ಇದ್ರೆ ನೋಡಿ." ಸೀರೆಯ ನೆರಿಗೆಗೆ ಕೈ ಹಾಕಿದೆ. ಗಂಡಸರಿಬ್ಬರೂ ಬೆನ್ನು ತಿರುಗಿಸಿದರು. ಅಕ್ಕ ನೋಡಲು ಹತ್ತಿರ ಬಂದರೆ ಅವರ ಮಡಿ ಹೋಗುತ್ತಿತ್ತು. ಅವರು ಇದ್ದಲ್ಲೇ ನಿಂತರು.

"ಸುಳ್ಳೋ ನಿಜವೋ, ಕಿವಿಗೆ ಬಿದ್ದಾಯ್ತು," ಭಟ್ಟರು ಗೋಡೆಯ ಕಡೆ ನೋಡುತ್ತ ಹೇಳಿದರು. "ನಾಗನ ವಿಷಯ. ಆಮೇಲೆ ಕುಟುಂಬಕ್ಕೆ ಎಂತಾದ್ರೂ ಆದ್ರೆ ನನ್ನನ್ನು ಕೇಳ್ಬೇಡಿ. ಇವತ್ತು ಆಗುದಿಲ್ಲ."

ಹಟ್ಟಿಯಲ್ಲಿ ಅಮ್ಮಣಿ ಕೆಮ್ಮಿದಳು. ಕೆಮ್ಮೋ ನಗುವೋ. ನಾನು ಗದ್ದೆಯ ಬದುವಿನಲ್ಲಿ ಇಳಿದು ಬಂದೆ. ಕೋಪ ಇರಲಿಲ್ಲ. ಹೆದರಿಕೆ ಬರಬೇಕಿತ್ತು, ಅದೂ ಬರಲಿಲ್ಲ. ಬಾಗಿಲು ತೆರೆದಿಟ್ಟು ಚಾಪೆ ಬಿಡಿಸಿ ಮಲಗಿದೆ. ಬಿಸಿಲಿಗೆ ಶೀಟು ಕಾಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಣಗಿದ ಎಲೆಗಳ ಮೇಲೆ ಹೆಜ್ಜೆ ಕೇಳಿಸಿತು. ಧನಿಗಳು. ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕುವುದೂ ಕೇಳಿಸುತ್ತಿತ್ತು. ಹೆಜ್ಜೆ ನಮ್ಮ ಅಂಗಳದ ಅಂಚಿನಲ್ಲಿ ನಿಂತಿತು.

"ಜಲಜಾಕ್ಷಿ! ಹೊರಗೆ ಬಾ!"

ನಾನು ಮಿಸುಕಲಿಲ್ಲ.

"ಬಿಡಾರ ಖಾಲಿ ಮಾಡ್ಬೇಕು. ಕೇಳ್ತದಾ? ನಾಳೆಯೇ. ಶೀಟು ಕೀಳಿಸ್ತೇನೆ. ನಿನ್ನ ಗಂಡನಿಗೆ ಫೋನ್ ಮಾಡ್ತೇನೆ."

ಅವರು ಬೈದರು. ನನ್ನ ತಾಯಿಯನ್ನೂ ಸೇರಿಸಿ ಬೈದರು. ಬಾಗಿಲು ತೆರೆದೇ ಇತ್ತು. ನಾಲ್ಕು ಹೆಜ್ಜೆ ಬಂದಿದ್ದರೆ ನನ್ನ ತಲೆಗೂದಲು ಹಿಡಿದು ಎಳೆಯಬಹುದಿತ್ತು. ಅವರು ಬರಲಿಲ್ಲ. ನಾನು ಗೋಡೆ ಹಿಡಿದು ಆಚೆ ಮಗ್ಗುಲಿಗೆ ತಿರುಗಿದೆ, ಬೆನ್ನು ಅವರ ಕಡೆಗೆ ಬಂತು. ಕಣ್ಣು ಮುಚ್ಚಿದೆ. ಅವರು ಅಂಚಿನಲ್ಲೇ ನಿಂತು ಕೂಗುತ್ತಿದ್ದರು.